ಏಳನೇ ಇಂಜಿನ್ನಿನ ಕಾರ್ಡು

ನಲವತ್ತು ವಾಟಿನ ಬಲ್ಬನ್ನು ಈಗ ಯಾರೂ ಕೇಳುವುದಿಲ್ಲ. ಉರ್ವ ಮಾರ್ಕೆಟಿನ ಹತ್ತಿರ ನನ್ನದೊಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಒಳಗೆ ತಂತಿ ಕೆಂಪಗೆ ಕಾದು ಬೆಳಗುವ, ಮುಟ್ಟಿದರೆ ಕೈ ಸುಡುವ ಆ ಹಳೆಯ ಬಲ್ಬುಗಳನ್ನು ತರಿಸುವುದು ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ದುಡ್ಡಿನ ಗಲ್ಲೆಯ ಕೆಳಗೆ ಅಂಥ ಬಲ್ಬುಗಳ ಒಂದು ಪೆಟ್ಟಿಗೆ ಇಟ್ಟುಕೊಂಡಿದ್ದೇನೆ. ಹತ್ತಿದ್ದವು, ಈಗ ಒಂಬತ್ತಿವೆ. ಮಾರುವುದಕ್ಕಲ್ಲ. ನನ್ನ ತಮ್ಮ ಅದನ್ನು ಎರಡು ಸಲ ಗುಜರಿಗೆ ಹಾಕಲು ಹೊರಟು ಎರಡು ಸಲವೂ ನನ್ನಿಂದ ಬೈಸಿಕೊಂಡ. ಅವನದೇನೂ ತಪ್ಪಿಲ್ಲ. ಬೈಸಿಕೊಳ್ಳಬೇಕಾದವನು ನಾನು. ಬೈಯಬೇಕಾಗಿದ್ದವರು ಬೈಯದೆಯೇ ಹೋಗಿಬಿಟ್ಟರು.

ಅವರನ್ನು ನಾನು ಪೊರ್ಬುಗಳು ಎಂದು ಕರೆಯುತ್ತಿದ್ದೆ. ನಮ್ಮ ಊರಿನಲ್ಲಿ ಕ್ರಿಶ್ಚಿಯನ್ ಹಿರಿಯರನ್ನು ಮರ್ಯಾದೆಯಿಂದ ಹಾಗೆ ಕರೆಯುವುದು ರೂಢಿ. ಅವರು ನನ್ನನ್ನು, ಇಲ್ಲಿಯ ಮುಸ್ಲಿಮರನ್ನು ಕರೆಯುವ ಹಾಗೆ, ಬ್ಯಾರಿಗಳೇ ಎನ್ನುತ್ತಿದ್ದರು. ಒಂಬತ್ತು ವರ್ಷದ ಪರಿಚಯದಲ್ಲಿ ಒಬ್ಬರು ಇನ್ನೊಬ್ಬರ ಹೆಸರು ಹಿಡಿದು ಕರೆದದ್ದೇ ಇಲ್ಲ. ಈಗ ಅವರ ಹೆಸರು ಬರೆಯಲು ನನಗೆ ಮನಸ್ಸು ಬರುತ್ತಿಲ್ಲ. ಬರೆದರೆ ಬೇರೆ ಯಾರದೋ ವಿಷಯ ಬರೆದ ಹಾಗೆ ಆಗುತ್ತದೆ.

ಮೊದಲ ಸಲ ಅಂಗಡಿಗೆ ಬಂದಾಗ ಅವರು ಕೇಳಿದ್ದು ಹೊಲಿಗೆ ಮೆಷಿನ್ನಿನ ಎಣ್ಣೆ. ಇಸ್ತ್ರಿ ಹಾಕಿದ ಅರ್ಧ ತೋಳಿನ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಒಂದು ಸಣ್ಣ ಟಾರ್ಚು. ನಾನು ಕುಪ್ಪಿ ಕೊಟ್ಟೆ. ಮುಚ್ಚಳ ತೆಗೆದು ಮೂಸಿದರು. ಬೆರಳ ತುದಿಗೆ ಒಂದು ಹನಿ ಹಾಕಿ ಹೆಬ್ಬೆರಳಿನಿಂದ ತಿಕ್ಕಿ ನೋಡಿದರು.

"ಒಂದು ತಿಂಗಳು ನೋಡಿ ಹೇಳ್ತೇನೆ," ಎಂದರು.

"ಎಣ್ಣೆಯಲ್ಲಿ ನೋಡ್ಲಿಕ್ಕೆ ಎಂತ ಉಂಟು ಪೊರ್ಬುಗಳೇ?"

ದುಡ್ಡು ಕೊಟ್ಟು ಹೋದರು. ಸರಿಯಾಗಿ ಒಂದು ತಿಂಗಳಿಗೆ ಪೇಪರಿನಲ್ಲಿ ಸುತ್ತಿದ ಒಂದು ಗಾಜಿನ ತುಂಡು ಹಿಡಿದುಕೊಂಡು ಬಂದರು. ಗಾಜಿನ ಮೇಲೆ ಒಂದು ಹನಿ ಎಣ್ಣೆ, ಹಳದಿಯಾಗಿ ಒಣಗಿತ್ತು.

"ಮುಟ್ಟಿ ನೋಡಿ. ಅಂಟುತ್ತದಲ್ಲ? ಇದು ಆಗುದಿಲ್ಲ. ಬೇರೆ ಉಂಟಾ?"

ಬೇರೆ ಮೂರು ಬಗೆಯದು ಇತ್ತು. ಮೂರಕ್ಕೂ ಒಂದೊಂದು ತಿಂಗಳು ಗಾಜಿನ ಮೇಲೆ ಪರೀಕ್ಷೆಯಾಯಿತು. ಕೊನೆಯದು ಪಾಸಾಯಿತು. ಅಲ್ಲಿಂದ ಮುಂದೆ ಪ್ರತಿ ತಿಂಗಳ ಮೊದಲ ಸೋಮವಾರ ಅವರು ಬರುವುದು, ಒಂದು ಕುಪ್ಪಿ ಸ್ಪಿರಿಟ್, ಒಂದು ಪ್ಯಾಕೆಟ್ ಕಿವಿಗೆ ಹಾಕುವ ಹತ್ತಿಕಡ್ಡಿ, ಬೇಕಾದರೆ ಎಣ್ಣೆ ಕೊಂಡುಹೋಗುವುದು. ಹತ್ತಿಕಡ್ಡಿ ನನ್ನ ಅಂಗಡಿಯ ಸಾಮಾನೇ ಅಲ್ಲ, ಅವರಿಗಾಗಿ ತರಿಸತೊಡಗಿದೆ. ಇವರ ತಲೆ ಸ್ವಲ್ಪ ಲೂಸು ಎಂದು ತಮ್ಮನ ಹತ್ತಿರ ಹೇಳಿದ್ದೂ ಉಂಟು. ಕೊನೆಗೊಂದು ದಿನ ತಡೆಯಲಾರದೆ, ಮನೆಯಲ್ಲಿ ಎಷ್ಟು ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದೀರಿ ಎಂದು ಕೇಳಿದೆ.

"ಒಂದೂ ಇಲ್ಲ. ಹನ್ನೆರಡು ಇಂಜಿನ್ ಉಂಟು, ರೈಲಿನದ್ದು," ಎಂದರು. ನನ್ನ ಮುಖ ನೋಡಿ, "ಶುಕ್ರವಾರ ಮಧ್ಯಾಹ್ನ ನಿಮ್ಮದು ಅಂಗಡಿ ಬಂದ್ ಅಲ್ಲವಾ? ನಮಾಜು, ಊಟ ಎಲ್ಲ ಆದ ಮೇಲೆ ಬನ್ನಿ," ಎಂದು ಸೇರಿಸಿದರು.

ಮಣ್ಣಗುಡ್ಡದ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಅವರ ಮನೆ. ಹಿಂದಿನ ಕೋಣೆಯ ತುಂಬ ಒಂದೇ ಮೇಜು, ಅದರ ಮೇಲೆ ಮೊಟ್ಟೆಯ ಆಕಾರದಲ್ಲಿ ಹಾಸಿದ ಪುಟ್ಟ ಹಳಿ. ಗುಡ್ಡ, ಸುರಂಗ, ಸ್ಟೇಷನ್ನು ಇಂಥದ್ದೆಲ್ಲ ಇರಬಹುದೆಂದು ನಾನು ಹೋಗಿದ್ದೆ. ಏನೂ ಇರಲಿಲ್ಲ. ಒಂದು ಮರ ಇಲ್ಲ, ಒಂದು ಸಿಗ್ನಲ್ ಕಂಬ ಇಲ್ಲ. ಬೋಗಿಗಳೂ ಇರಲಿಲ್ಲ.

"ಬೋಗಿ ಎಲ್ಲಿ?" ಎಂದೆ.

"ಬೋಗಿ ನೋಡ್ಲಿಕ್ಕೆ ಚಂದ. ಕೆಲಸ ಇರುದು ಇಂಜಿನ್‌ನಲ್ಲಿ."

ಗೋಡೆಗೆ ಒತ್ತಿ ಇಟ್ಟಿದ್ದ ಮರದ ಕಪಾಟಿನಲ್ಲಿ ಹನ್ನೆರಡು ಪೆಟ್ಟಿಗೆ. ಒಂದೊಂದರಲ್ಲಿ ಒಂದೊಂದು ಇಂಜಿನ್, ಗೇಣುದ್ದದ್ದು ಕೆಲವು, ಅದಕ್ಕಿಂತ ಗಿಡ್ಡದ್ದು ಕೆಲವು. ಕಪಾಟಿನ ತಳದಲ್ಲಿ ನಲವತ್ತು ವಾಟಿನ ಒಂದು ಬಲ್ಬು ಹಗಲು ರಾತ್ರಿ ಉರಿಯುತ್ತಿತ್ತು. ನಮ್ಮ ಕಡಲ ಗಾಳಿಗೆ ಏನಿಟ್ಟರೂ ಪಸೆ ಹಿಡಿಯುತ್ತದೆ, ಮಳೆಗಾಲದಲ್ಲಂತೂ ಚಪ್ಪಲಿಗೂ ಬೂಷ್ಟು. ರೇಷ್ಮೆ ಸೀರೆಯ ಕಪಾಟಿಗೆ, ಕ್ಯಾಮೆರಾದ ಪೆಟ್ಟಿಗೆಗೆ ಇಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆ ಬಲ್ಬು ಇಡುತ್ತಾರೆ. ಬೇಕಾದದ್ದು ಬೆಳಕಲ್ಲ, ಅದರ ಶಾಖ.

ಪೊರ್ಬುಗಳು ಮೂವತ್ತು ವರ್ಷ ಕುವೈಟಿನಲ್ಲಿ, ಕಡಲ ನೀರನ್ನು ಕುಡಿಯುವ ನೀರು ಮಾಡುವ ಒಂದು ಸ್ಥಾವರದಲ್ಲಿ ಪಂಪುಗಳನ್ನು ನೋಡಿಕೊಳ್ಳುವ ಕೆಲಸ ಮಾಡಿದವರು. "ಪಂಪು ಹಾಳಾದ ಮೇಲೆ ಹೋದವ ಬರೀ ಮೆಕ್ಯಾನಿಕ್, ಹಾಳಾಗುವ ಮೊದಲು ಹೋದವ ಫಿಟ್ಟರ್," ಎನ್ನುತ್ತಿದ್ದರು. ಅಲ್ಲಿ ಪ್ರತಿ ಪಂಪಿಗೆ ಒಂದು ಕಾರ್ಡು ಕಟ್ಟಿರುತ್ತಿತ್ತಂತೆ. ಇಲ್ಲಿ ಪ್ರತಿ ಇಂಜಿನ್ನಿನ ಪೆಟ್ಟಿಗೆಯಲ್ಲಿ ಒಂದು ಕಾರ್ಡು. ಕೊಂಕಣಿಯನ್ನೂ ಕನ್ನಡ ಅಕ್ಷರದಲ್ಲೇ ಬರೆಯುವ ಜನ ಅವರು, ಕಾರ್ಡುಗಳು ಶುದ್ಧ ಕನ್ನಡದಲ್ಲಿದ್ದವು. ತಾರೀಕು, ಚಕ್ರ, ಕಾರ್ಬನ್, ಎಣ್ಣೆ, ಓಟ. ಆಮೇಲೆ ಒಂದು ಕಾಲಂ, ತಲೆಬರಹ "ಮಾಡಿಲ್ಲ". ಕೊನೆಗೆ ಷರಾ.

ಆ "ಮಾಡಿಲ್ಲ" ಕಾಲಮ್ಮಿನ ಕಥೆ ಹೇಳಿದವರು ಅವರ ಹೆಂಡತಿ. ಅವರನ್ನು ನಾನು ಬಾಯಮ್ಮ ಎನ್ನುತ್ತೇನೆ. ಅವರೂ ಕುವೈಟಿನಲ್ಲಿ ನರ್ಸ್ ಆಗಿದ್ದವರು. ಸಕ್ಕರೆ ಕಾಯಿಲೆ ಶುರುವಾದಾಗ ಪೊರ್ಬುಗಳು ಹೆಂಡತಿಗೂ ಒಂದು ಕಾರ್ಡು ಮಾಡಿ ಫ್ರಿಜ್ಜಿಗೆ ಅಂಟಿಸಿದರಂತೆ. ಶುಗರ್, ಮಾತ್ರೆ, ನಡಿಗೆ, ಪಾದ.

"ನಾನೇ ನರ್ಸ್. ನನಗೆ ಇವರ ಕಾರ್ಡು," ಎಂದು ಬಾಯಮ್ಮ ನಕ್ಕರು. "ಒಂದು ವಾರ ಉದಾಸೀನ ಆಗಿ ಸುಮ್ನೆ ಗುರುತು ಹಾಕಿದೆ. ಇವರಿಗೆ ಗೊತ್ತಾಯ್ತು. ಬೈಲಿಲ್ಲ. ಮರುದಿವಸ ನೋಡಿದ್ರೆ ಹೊಸ ಕಾರ್ಡು, ಒಂದು ಕಾಲಂ ಜಾಸ್ತಿ. ಮಾಡಿಲ್ಲ ಅಂತ."

ಇಂಜಿನ್‌ಗಳ ಕಾರ್ಡಿಗೂ ಆ ಕಾಲಂ ಬಂದದ್ದು ಆಮೇಲೆ. ನನಗೆ ಅವರು ಮೊದಲು ಕಲಿಸಿದ್ದೂ ಅದನ್ನೇ.

"ಮಾಡಿಲ್ಲ ಅಂತ ಬರೆದ್ರೆ ಮರ್ಯಾದೆ ಹೋಗುದಿಲ್ಲ ಬ್ಯಾರಿಗಳೇ. ಮಾಡದೆ ಮಾಡಿದ್ದೇನೆ ಅಂತ ಬರೆದ್ರೆ, ಮುಂದಿನ ವಾರ ಎಲ್ಲಿಂದ ನೋಡ್ಬೇಕು ಅಂತ ನನಗೆ ಗೊತ್ತಾಗುದಿಲ್ಲ. ಅಷ್ಟೇ ವಿಷಯ."

ಮೊದಲ ಶುಕ್ರವಾರ ನೋಡಲು ಹೋದವನು ಎರಡನೆಯ ಶುಕ್ರವಾರವೂ ಹೋದೆ. ಆಮೇಲೆ ಅದು ಅಭ್ಯಾಸವಾಯಿತು. ಮೂರು ಗಂಟೆಯಿಂದ ಐದರವರೆಗೆ, ಒಂದೊಂದು ಇಂಜಿನ್ನಿಗೆ ಹತ್ತು ನಿಮಿಷ. ಹಳೆಯ ಹಾಸಿಗೆಯ ಸ್ಪಂಜು ಕೊಯ್ದು ಮಾಡಿದ ತೊಟ್ಟಿಲಿನಲ್ಲಿ ಇಂಜಿನನ್ನು ಅಂಗಾತ ಮಲಗಿಸುವುದು. ಟಾರ್ಚು ಬಿಟ್ಟು ಅಚ್ಚುಗಳಿಗೆ ಕೂದಲು, ನೂಲು ಸುತ್ತಿದೆಯೇ ನೋಡಿ ಚಿಮ್ಮಟದಿಂದ ಎಳೆಯುವುದು. ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಚಕ್ರಕ್ಕೆ ಹಿಡಿದ ಕಪ್ಪನ್ನು ಒರಸುವುದು. ಮಿಕ್ಸಿಯಲ್ಲಿರುವ ಹಾಗೆಯೇ ಇದರ ಮೋಟರಿಗೂ ಕರೆಂಟು ಮುಟ್ಟಿಸುವ ಎರಡು ಕಾರ್ಬನ್ ತುಂಡು, ಅಕ್ಕಿಕಾಳಿನಷ್ಟು. ಅದು ಎಷ್ಟು ಸವೆದಿದೆ ನೋಡುವುದು. ಸೂಜಿಯ ತುದಿಯಿಂದ ಎಣ್ಣೆ. "ಸಾಸಿವೆಯ ಅರ್ಧ," ಎನ್ನುತ್ತಿದ್ದರು. ನಾನು ಒಂದು ಸಾಸಿವೆಯಷ್ಟು ಹಾಕಿದರೆ ಹತ್ತಿಕಡ್ಡಿಯಿಂದ ಅರ್ಧವನ್ನು ಹೀರಿ ತೆಗೆಯುತ್ತಿದ್ದರು. ಕೊನೆಗೆ ಹಳಿಯ ಮೇಲೆ ಮುಂದಕ್ಕೆ ಎರಡು ಸುತ್ತು, ಹಿಂದಕ್ಕೆ ಎರಡು ಸುತ್ತು. ಆಗ ಪೊರ್ಬುಗಳು ಮೇಜಿನ ಮಟ್ಟಕ್ಕೆ ಬಗ್ಗಿ, ಕಣ್ಣು ಮುಚ್ಚಿ, ಕಿವಿ ಕೊಟ್ಟು ಕೇಳುತ್ತಿದ್ದರು. ಆಗ ಮಾತಾಡಿದರೆ ಅವರಿಗೆ ಆಗುತ್ತಿರಲಿಲ್ಲ. ಬಾಯಮ್ಮ ಚಹಾ ತಂದರೂ ಬಾಗಿಲಲ್ಲೇ ನಿಲ್ಲಬೇಕು.

ಹನ್ನೆರಡರಲ್ಲಿ ಏಳನೆಯದು ಒಂದು ಸಣ್ಣ ಕಪ್ಪು ಉಗಿಬಂಡಿ. ಉಳಿದವನ್ನೆಲ್ಲ ಅವರೇ ಕೊಂಡದ್ದು. ಏಳನೆಯದನ್ನು ಮಾತ್ರ ಬಾಯಮ್ಮ ತಮ್ಮ ಸಂಬಳದಲ್ಲಿ ಕೊಂಡು ಗಂಡನಿಗೆ ಕೊಟ್ಟದ್ದು, ಮದುವೆಯಾದ ವರ್ಷ. ಅದು ಮುಂದಕ್ಕೆ ಹೋಗುವಾಗ ಟಿಕ್, ಟಿಕ್ ಎಂದು ಒಂದು ಸಣ್ಣ ಸದ್ದು ಬರುತ್ತಿತ್ತು. ದೋಷವೇನೂ ಅಲ್ಲ, ಹುಟ್ಟುಗುಣ. "ಇದು ಬಾಯಮ್ಮನ ಹಾಗೆ. ಸದ್ದು ಇದ್ರೆ ಆರೋಗ್ಯ ಉಂಟು ಅಂತ ಅರ್ಥ," ಎಂದು ಹೆಂಡತಿಗೆ ಕೇಳುವ ಹಾಗೆ ಹೇಳುತ್ತಿದ್ದರು.

ಅವರಿಗೆ ಈ ಕಿವಿ ಮನೆಯೊಳಗೆ ಮಾತ್ರ ಇದ್ದದ್ದಲ್ಲ. ಒಮ್ಮೆ ಇಬ್ಬರೂ ಸಿಟಿ ಬಸ್ಸಿನಲ್ಲಿ ಬರುತ್ತಿದ್ದೆವು. ಮಧ್ಯದಲ್ಲಿ ಎದ್ದುಹೋಗಿ ಡ್ರೈವರನ ಹಿಂದೆ ನಿಂತು, "ಹಿಂದಿನ ಎಡದ ಚಕ್ರದ ಬೇರಿಂಗ್ ಹೋಗ್ತಾ ಉಂಟು. ನಿಲ್ಲಿಸಿ ನೋಡಿ," ಎಂದರು. ಹಿಂದಿನ ಬಸ್ಸು ಬಂದು ಪ್ಯಾಸೆಂಜರನ್ನು ಹತ್ತಿಸಿಕೊಳ್ಳುವ ಮೊದಲು ಮುಂದಿನ ಸ್ಟಾಪ್ ಮುಟ್ಟುವ ಗಡಿಬಿಡಿ ಡ್ರೈವರನಿಗೆ. ಕಂಡಕ್ಟರ್ ಹೇಳಿದ, "ಪೊರ್ಬುಗಳೇ, ಒಂದಾ ಕೂತ್ಕೊಳ್ಳಿ, ಇಲ್ಲದಿದ್ರೆ ಇಳೀರಿ ಮಾರಾಯ್ರೆ." ಅವರು ಇಳಿದರು. ನಾನೂ ಇಳಿಯಬೇಕಾಯಿತು. ಉರಿಬಿಸಿಲಿನಲ್ಲಿ ನಡೆಯುತ್ತ ನಾನು ಗೊಣಗುತ್ತಿದ್ದೆ. ಮೂರು ದಿನ ಬಿಟ್ಟು ಅದೇ ಬಸ್ಸು ಮಣ್ಣಗುಡ್ಡದ ರಸ್ತೆಬದಿಯಲ್ಲಿ ಎಡಚಕ್ರ ಕಳಚಿಕೊಂಡು ಜಾಕಿಯ ಮೇಲೆ ನಿಂತಿತ್ತು. ನಾನಾಗಿದ್ದರೆ ಹೋಗಿ ನಾಲ್ಕು ಮಾತು ಆಡಿಯೇ ಬರುತ್ತಿದ್ದೆ. ಇವರು ಹತ್ತಿರ ಹೋಗಿ, ಬೇರಿಂಗಿಗೆ ಬೆಳಕು ಸಾಲದೆಂದು ತಮ್ಮ ಟಾರ್ಚು ಹಿಡಿದು ನಿಂತರು. ಕಂಡಕ್ಟರನಿಗೆ ಇವರ ಗುರುತು ಸಿಕ್ಕಿತು, ಅವನು ಮುಖ ತಿರುಗಿಸಿದ. ಇವರು ಅದನ್ನು ನೋಡಿಯೂ ನೋಡದ ಹಾಗೆ ಇದ್ದರು. ತಪ್ಪು ಮಾಡಿದವನ ಮುಖಕ್ಕೆ ಟಾರ್ಚು ಬಿಡುವ ಮನುಷ್ಯ ಅವರಲ್ಲ. ಇದು ನನಗೆ ಆವತ್ತೇ ಗೊತ್ತಿತ್ತು, ಆದರೂ ಮುಂದೆ ನನ್ನ ಸರದಿ ಬಂದಾಗ ನೆನಪಾಗಲಿಲ್ಲ.

ಐದಾರು ವರ್ಷ ಹೀಗೆ ನಡೆಯಿತು. ಆಮೇಲೆ ಅವರ ಕೈ ನಡುಗಲು ಶುರುವಾಯಿತು. ಚಹಾದ ಕಪ್ಪು ತಟ್ಟೆಗೆ ತಾಗಿ ಗಲಗಲ ಎನ್ನುತ್ತಿತ್ತು. ಮೊಣಕೈ ಮೇಜಿಗೆ ಊರಿದರೆ ಚಕ್ರ ಒರಸಬಹುದಿತ್ತು, ಆದರೆ ಎಳ್ಳಿನಷ್ಟಿರುವ ಸ್ಕ್ರೂ ಬಿಚ್ಚಿ ಮೋಟರ್ ತೆರೆಯುವುದು ಸಾಧ್ಯವಿರಲಿಲ್ಲ. ಅದನ್ನು ಅವರು ದೊಡ್ಡ ದುಃಖ ಮಾಡಿಕೊಳ್ಳಲಿಲ್ಲ. ನನ್ನದು ಮಿಕ್ಸಿ, ಫ್ಯಾನು ಬಿಚ್ಚಿ ಜೋಡಿಸಿ ಪಳಗಿದ ಕೈ. ಸ್ಕ್ರೂಡ್ರೈವರ್ ನನ್ನ ಕೈಗೆ ಬಂತು.

"ಇನ್ನು ಕಣ್ಣು ಕಿವಿ ನನ್ನದು, ಕೈ ನಿಮ್ಮದು," ಎಂದರು. "ಒಂದು ನೆನಪಿಡಿ ಬ್ಯಾರಿಗಳೇ. ಇನ್ನು ನನಗೆ ಹಾಳಾಗದ ಹಾಗೆ ನೋಡ್ಕೊಳ್ಳಿಕ್ಕೆ ಮಾತ್ರ ಆಗುದು. ಹಾಳಾದ್ರೆ ಸರಿ ಮಾಡ್ಲಿಕ್ಕೆ ಆಗುದಿಲ್ಲ."

ಮುಂಬಯಿಯಲ್ಲಿದ್ದ ಅವರ ಅಕ್ಕನಿಗೆ ಹುಷಾರಿಲ್ಲದಾದದ್ದು ಆ ನಂತರದ ಮಳೆಗಾಲದಲ್ಲಿ. ಅಲ್ಲಿ ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಹೊರಟರು. ಹೋಗುವ ಹಿಂದಿನ ದಿನ ಅಂಗಡಿಗೆ ಬಂದು ಮನೆಯ ಕೀಲಿಕೈ ನನ್ನ ಕೈಯಲ್ಲಿಟ್ಟರು.

"ಶುಕ್ರವಾರ ಒಂದು ತಪ್ಪಿಸ್ಬೇಡಿ. ಮಳೆಗಾಲ. ಆಗದಿದ್ರೆ ಕಾರ್ಡಿನಲ್ಲಿ ಬರೆದಿಡಿ. ಬಂದು ನಾನು ನೋಡ್ಕೊಳ್ತೇನೆ."

"ನೀವು ಆರಾಮಲ್ಲಿ ಹೋಗಿ ಬನ್ನಿ. ನಾನಿಲ್ಲವಾ?" ಎಂದೆ. ಈ ಮಾತನ್ನು ನಾನೇ ಆಡಿದ್ದು.

ಮೊದಲ ಶುಕ್ರವಾರ ಹನ್ನೆರಡನ್ನೂ ನೋಡಿದೆ. ಎರಡನೆಯ ಶುಕ್ರವಾರ ಐದನ್ನು ಮಾತ್ರ ನೋಡಿದೆ, ಗುರುತು ಹನ್ನೆರಡಕ್ಕೂ ಹಾಕಿದೆ. ಅಷ್ಟರಲ್ಲಿ ನಾವು ಹೊಳೆಯಾಚೆಯ ತೊಕ್ಕೊಟ್ಟಿನಲ್ಲಿ ಎರಡನೆಯ ಅಂಗಡಿ ತೆರೆಯುವವರಿದ್ದೆವು. ತಮ್ಮ ಅಲ್ಲಿ ಬಡಗಿಗಳ ಹಿಂದೆ, ನಾನು ಇಲ್ಲಿ ಒಬ್ಬನೇ. ಶುಕ್ರವಾರ ಮಧ್ಯಾಹ್ನವಾದರೆ ಸೇತುವೆ ದಾಟಿ ಅಲ್ಲಿಗೆ ಓಡಬೇಕು. ಇದನ್ನೆಲ್ಲ ನಾನು ಆಗ ಕಾರಣ ಎಂದುಕೊಂಡಿದ್ದೆ. ಈಗ ಬರೆಯುವಾಗ ನೋಡಿದರೆ ವಾರಕ್ಕೆ ಎರಡು ಗಂಟೆ ಸಿಗದಷ್ಟು ದೊಡ್ಡ ವ್ಯಾಪಾರವೇನೂ ನನ್ನದಾಗಿರಲಿಲ್ಲ. ಪಕ್ಕದಲ್ಲಿ ಕೂತು ಕಿವಿ ಕೊಡುವವರು ಇಲ್ಲದ ಮೇಲೆ ನನಗೆ ಆ ಕೆಲಸದಲ್ಲಿ ರುಚಿ ಇರಲಿಲ್ಲ, ನಿಜ ಅಷ್ಟೇ.

ಮೂರನೆಯ ಶುಕ್ರವಾರ ಹೋದಾಗ ಲಿಫ್ಟು ಕೆಟ್ಟಿತ್ತು. ಮೂರು ಮಹಡಿ ಹತ್ತಿ ಕಪಾಟು ತೆರೆದರೆ ಬಲ್ಬು ಹೋಗಿತ್ತು. ಕೆಳಗಿಳಿದು ಅಂಗಡಿಗೆ ಹೋಗಿ ಬಲ್ಬು ತಂದೆ. ನಲವತ್ತು ವಾಟಿನದು ನನ್ನಲ್ಲಿ ಇರಲಿಲ್ಲ. ಒಂಬತ್ತು ವಾಟಿನ ಎಲ್‌ಇಡಿ ಹಾಕಿದೆ, ಒಳ್ಳೆಯ ಕಂಪನಿಯದು, ಎರಡು ವರ್ಷ ವಾರಂಟಿ. ಕಪಾಟು ಮೊದಲಿಗಿಂತ ಹೆಚ್ಚು ಬೆಳಗಿತು. ಪೊರ್ಬುಗಳಿಗೆ ಕರೆಂಟ್ ಉಳಿತಾಯ ಮಾಡಿಕೊಟ್ಟೆ ಎಂದು ನನಗೆ ಒಳಗೊಳಗೇ ಹೆಮ್ಮೆ. ಜೀವಮಾನವಿಡೀ ಬಲ್ಬು ಮಾರಿದವನಿಗೆ ಆ ಕಪಾಟಿಗೆ ಬೇಕಾದದ್ದು ಶಾಖ ಎಂಬುದು ನೆನಪಾಗಲಿಲ್ಲ. ಅದು ತಪ್ಪು, ಯಾರಿಂದಲೂ ಆಗಬಹುದಾದ ತಪ್ಪು. ಅದಕ್ಕೆ ನಾನು ಇಷ್ಟು ಸಂಕಟಪಡುತ್ತಿರಲಿಲ್ಲ.

ಸಂಕಟ ಬೇರೆಯದಕ್ಕೆ. ಆ ದಿನ ಸುಸ್ತಾಗಿ ಕೂತವನು ಒಂದು ಪೆಟ್ಟಿಗೆಯನ್ನೂ ತೆರೆಯದೆ ಕಾರ್ಡುಗಳನ್ನು ಮಾತ್ರ ಹೊರತೆಗೆದೆ. ಆ ವಾರದ್ದಕ್ಕೆ ಗುರುತು ಹಾಕಿದೆ. ಕೈಯಾರೆ ಮುಂದಿನ ಐದು ವಾರಗಳ ತಾರೀಕನ್ನೂ ಬರೆದು ಅವಕ್ಕೂ ಗುರುತು ಹಾಕಿದೆ. ಒಂದೇ ಸಲಕ್ಕೆ ಬರೆದದ್ದೆಂದು ಅನುಮಾನ ಬರಬಾರದೆಂದು ಒಂದು ವಾರಕ್ಕೆ ನೀಲಿ ಪೆನ್ನು, ಒಂದು ವಾರಕ್ಕೆ ಕಪ್ಪು ಪೆನ್ನು ಬಳಸಿದೆ. "ಮಾಡಿಲ್ಲ" ಕಾಲಂ ನನ್ನ ಕಣ್ಣೆದುರೇ ಇತ್ತು. ಅಲ್ಲಿ ಒಂದು ಗುರುತು ಹಾಕಿದ್ದರೆ ಮುಗಿಯುತ್ತಿತ್ತು. ಹಾಕಲಿಲ್ಲ.

ಪೊರ್ಬುಗಳು ಶುಕ್ರವಾರ ಸಂಜೆ ಮುಂಬಯಿಯಿಂದ ಫೋನು ಮಾಡುತ್ತಿದ್ದರು. ಅಕ್ಕನ ವಿಷಯ ಎರಡು ಮಾತು, ಇಂಜಿನ್‌ಗಳ ವಿಷಯ ನಾಲ್ಕು ಮಾತು. ಐದನೆಯ ವಾರ ಕೇಳಿದರು.

"ಏಳನೆಯದ್ದು ಹೇಗುಂಟು? ಓಟ?"

"ಫಸ್ಟ್ ಕ್ಲಾಸ್ ಪೊರ್ಬುಗಳೇ. ಸದ್ದೇ ಇಲ್ಲ."

ಪೊರ್ಬುಗಳು ಮತ್ತೆ ಕೇಳಿದರು.

"ಸದ್ದೇ ಇಲ್ಲವಾ?"

"ಇಲ್ಲ."

"ಸರಿ. ಪುರುಸೊತ್ತಾದಾಗ ಇನ್ನೊಂದು ಸಲ ನೋಡಿ," ಎಂದು ಫೋನಿಟ್ಟರು. ಫೋನು ಇಟ್ಟ ಮೇಲೆ ಆ ಟಿಕ್ ಸದ್ದು ನನಗೆ ನೆನಪಾಯಿತು. ಆ ಗಳಿಗೆಯಲ್ಲಿ ಅವರಿಗೆ ಎಲ್ಲವೂ ತಿಳಿದುಹೋಗಿತ್ತು. ಆದರೂ ನೋಡಿ ಎಂದು ಒಂದು ದಾರಿ ಬಿಟ್ಟುಕೊಟ್ಟಿದ್ದರು. ನಾನು ಮರುದಿನವಾದರೂ ಹೋಗಬಹುದಿತ್ತು. ತೊಕ್ಕೊಟ್ಟಿನ ಅಂಗಡಿಯ ಬೋರ್ಡು ಬರುವ ದಿನ ಅದು, ಅಲ್ಲಿಗೆ ಹೋದೆ.

ಎಂಟು ವಾರ ಕಳೆದು ಅವರು ಬಂದರು. ಶುಕ್ರವಾರ ಎಂದಿನಂತೆ ಮೂರು ಗಂಟೆಗೆ ಹೋದೆ. ಹೋಗದೆ ಇರುವುದಕ್ಕೂ ಧೈರ್ಯ ಬೇಕಲ್ಲ. ಕಪಾಟಿನ ಬಾಗಿಲು ತೆರೆದದ್ದೇ ಬೂಷ್ಟಿನ ವಾಸನೆ ಬಂತು. ಪೊರ್ಬುಗಳು ಕೈ ಚಾಚಿ ಉರಿಯುತ್ತಿದ್ದ ಬಲ್ಬನ್ನು ಬರಿಗೈಯಲ್ಲಿ ಹಿಡಿದರು. ಹಾಗೇ ಹಿಡಿದುಕೊಂಡು ನಿಂತರು.

"ತಣ್ಣಗುಂಟು," ಎಂದರು.

ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದೆವು. ಹನ್ನೊಂದಕ್ಕೆ ಬೂಷ್ಟು, ಅಲ್ಲಲ್ಲಿ ತುಕ್ಕಿನ ಚುಕ್ಕೆ, ಒರಸಿದರೆ ಹೋಗುವಂಥದ್ದು. ಏಳನೆಯದು ಎಲ್ಲಕ್ಕಿಂತ ಕೆಳಗೆ, ಗೋಡೆಗೆ ತಾಗಿ ಇತ್ತು. ಗೋಡೆಯ ನೀರು ಪೆಟ್ಟಿಗೆಗೆ ಇಳಿದಿತ್ತು. ಚಕ್ರಗಳು ಕೆಂಪಾಗಿದ್ದವು. ಹಳಿಯ ಮೇಲಿಟ್ಟು ಕರೆಂಟು ಕೊಟ್ಟರೆ ಅಲುಗಲಿಲ್ಲ. ಪೊರ್ಬುಗಳು ಅಭ್ಯಾಸಬಲದಿಂದ ಬಗ್ಗಿ, ಕಣ್ಣು ಮುಚ್ಚಿ ಕಿವಿ ಕೊಟ್ಟಿದ್ದರು. ಬಹಳ ಹೊತ್ತು ಹಾಗೇ ಇದ್ದರು.

ಆಮೇಲೆ ಕಾರ್ಡು ತೆಗೆದು ನೋಡಿದರು. ನೀಲಿ, ಕಪ್ಪು, ನೀಲಿ, ಕಪ್ಪು. ನನ್ನ ಕಡೆ ನೋಡಲಿಲ್ಲ. ನಾನು ಆಗಲಾದರೂ ಹೇಳಬೇಕಿತ್ತು. ಬಾಯಿಯವರೆಗೆ ಬಂದಿತ್ತು. ಹೊರಗೆ ಬಂದ ಮಾತು ಬೇರೆ.

"ಈ ಸಲ ಮಳೆ ಜಾಸ್ತಿ ಆಯ್ತು ಪೊರ್ಬುಗಳೇ."

"ಹೌದು," ಎಂದರು ಅವರು. "ಮಳೆ ಜಾಸ್ತಿ. ಬನ್ನಿ, ಚಹಾ ಕುಡಿಯುವ."

ಆ ಚಹಾ ಕುಡಿದು ಎದ್ದವನು ಮತ್ತೆ ಆ ಮನೆಗೆ ಹೋಗಲಿಲ್ಲ. ಅವರು ಬರಬೇಡಿ ಎನ್ನಲಿಲ್ಲ. ಮೊದಲ ಸೋಮವಾರ ಎಂದಿನಂತೆ ಅಂಗಡಿಗೆ ಬರುತ್ತಿದ್ದರು, ಸ್ಪಿರಿಟ್, ಹತ್ತಿಕಡ್ಡಿ. ನಲವತ್ತು ವಾಟಿನ ಬಲ್ಬು ಉಂಟಾ ಎಂದು ಕೇಳಿದರು, ಸ್ಟಾಕಿಲ್ಲ ಎಂದೆ. "ಈ ಶುಕ್ರವಾರ ಪುರುಸೊತ್ತುಂಟಾ?" ಎಂದು ಕೇಳಿದರು. ತೊಕ್ಕೊಟ್ಟಿಗೆ ಹೋಗಲಿಕ್ಕುಂಟು ಎಂದೆ. ಮರುತಿಂಗಳು ಕೇಳಿದರು, ತಮ್ಮನ ಹೆಂಡತಿಯ ಮನೆಯಲ್ಲಿ ಮದುವೆ ಎಂದೆ. ನಾಲ್ಕು ಸಲ ಕೇಳಿರಬೇಕು. ಆಮೇಲೆ ಕೇಳುವುದು ಬಿಟ್ಟರು. ಮರ್ಯಾದೆಗೆ ಕೇಳುತ್ತಿದ್ದಾರೆ, ನಿಜವಾಗಿ ನನ್ನನ್ನು ಆ ಕೋಣೆಗೆ ಸೇರಿಸುವ ಮನಸ್ಸು ಅವರಿಗೆ ಇರಲಿಕ್ಕಿಲ್ಲ ಎಂದು ನಾನು ನನಗೇ ಹೇಳಿಕೊಂಡೆ. ಹಾಗೆ ಹೇಳಿಕೊಂಡದ್ದರಿಂದ ಹೋಗದಿರುವುದು ಸುಲಭವಾಯಿತು.

ಎರಡು ವರ್ಷದ ಮೇಲಾಯಿತು. ಬಂದರಿನ ಹತ್ತಿರ ಒಂದು ಹಳೆಯ ಹೋಲ್‌ಸೇಲ್ ಅಂಗಡಿಯನ್ನು ಮುಚ್ಚುವಾಗ ಅಟ್ಟದಲ್ಲಿ ನಲವತ್ತು ವಾಟಿನ ಹತ್ತು ಬಲ್ಬು ಸಿಕ್ಕಿದವು. ತಂದಿಟ್ಟುಕೊಂಡೆ. ಇದನ್ನು ಹಿಡಿದುಕೊಂಡು ಮನೆಗೆ ಹೋಗುತ್ತೇನೆ, ಎಲ್ಲ ಹೇಳಿಬಿಡುತ್ತೇನೆ ಎಂದು ತೀರ್ಮಾನ ಮಾಡಿದೆ. ಆ ತೀರ್ಮಾನ ಮಾಡಿ ನಾಲ್ಕು ತಿಂಗಳಾದರೂ ಹೋಗಲಿಲ್ಲ. ಕಳೆದ ಬೇಸಿಗೆಯ ಒಂದು ಸೋಮವಾರ ಅವರು ಬಂದಾಗ ಪೆಟ್ಟಿಗೆ ಅವರ ಮೊಣಕಾಲಿನಿಂದ ಒಂದು ಮೊಳ ದೂರದಲ್ಲಿ, ಗಲ್ಲೆಯ ಕೆಳಗೇ ಇತ್ತು. ಅಂಗಡಿಯಲ್ಲಿ ಜನ ಇದ್ದರು. ಜನರ ಎದುರು ಬೇಡ ಎನಿಸಿತು. ಚಿಲ್ಲರೆ ತೆಗೆದುಕೊಳ್ಳುವಾಗ ಅವರ ಕೈ ಬಹಳ ನಡುಗಿತು. ನಾನೇ ಆ ಕೈ ಹಿಡಿದು ನಾಣ್ಯಗಳನ್ನು ಒಳಗಿಟ್ಟು ಬೆರಳು ಮಡಚಿದೆ. "ಥ್ಯಾಂಕ್ಸ್ ಬ್ಯಾರಿಗಳೇ," ಎಂದು ಹೋದರು. ಆ ಶನಿವಾರ ಪೇಪರಿನ ನಿಧನ ವಾರ್ತೆಯಲ್ಲಿ ಅವರ ಫೋಟೋ ನೋಡಿದೆ.

ಇಗರ್ಜಿಯಲ್ಲಿ ಕೊನೆಯ ಸಾಲಿನ ಹಿಂದೆ ನಿಂತಿದ್ದೆ. ಎಲ್ಲರ ಹಾಗೆ ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದೆ. ಬಾಯಮ್ಮನ ಮುಂದೆ ನಿಲ್ಲಲಾಗಲಿಲ್ಲ.

ತಿಂಗಳು ಕಳೆದ ಮೇಲೆ ಬಾಯಮ್ಮನೇ ಫೋನು ಮಾಡಿದರು, ಶುಕ್ರವಾರ ಬನ್ನಿ ಎಂದು. ಬಲ್ಬಿನ ಪೆಟ್ಟಿಗೆಯಿಂದ ಒಂದನ್ನು ತೆಗೆದುಕೊಂಡು ಹೋದೆ. ಏಕೆ ತೆಗೆದುಕೊಂಡೆನೋ ಗೊತ್ತಿಲ್ಲ. ಮೇಜಿನ ಮೇಲೆ ಹಳಿ ಇರಲಿಲ್ಲ. ಒಂದೇ ಒಂದು ಪೆಟ್ಟಿಗೆ ಇತ್ತು.

"ಹನ್ನೊಂದನ್ನು ಅವರ ಅಣ್ಣನ ಮಗ ತಕೊಂಡು ಹೋದ. ಇದು ನಿಮಗೆ ಅಂತ ಅವರೇ ಹೇಳಿದ್ದು."

ಏಳನೆಯದು. "ಇದು ನೀವು ಅವರಿಗೆ ಕೊಟ್ಟದ್ದಲ್ಲವಾ ಬಾಯಮ್ಮ?" ಎಂದೆ.

"ಹೌದು. ನನ್ನ ಹತ್ರ ಕೇಳಿಯೇ ಹೇಳಿದ್ದು."

"ನಿಮಗೆ ನನ್ನ ಮೇಲೆ ಕೋಪ ಇಲ್ಲವಾ?"

"ಇತ್ತು," ಎಂದರು ಬಾಯಮ್ಮ. "ಇಂಜಿನ್ ಹಾಳಾದದ್ದಕ್ಕೆ ಅಲ್ಲ. ನೀವು ಬರುದು ಬಿಟ್ರಲ್ಲ, ಅದಕ್ಕೆ."

ಪೆಟ್ಟಿಗೆ ತೆರೆದೆ. ಮೇಲುಗಡೆ ಕಾರ್ಡುಗಳು, ದಾರದಲ್ಲಿ ಪೋಣಿಸಿದ್ದವು. ಬಿಡಿಸುತ್ತ ಹೋದೆ. ನನ್ನ ನೀಲಿ ಕಪ್ಪು ಗುರುತುಗಳು ಹಾಗೇ ಇದ್ದವು, ಯಾವುದನ್ನೂ ಹೊಡೆದುಹಾಕಿರಲಿಲ್ಲ. ಅದರ ಕೆಳಗೆ ಅವರು ಮುಂಬಯಿಯಿಂದ ಬಂದ ಶುಕ್ರವಾರದ ತಾರೀಕು. ಷರಾದಲ್ಲಿ ಹೀಗೆ ಬರೆದಿತ್ತು: ಚಕ್ರ ತುಕ್ಕು, ಮೋಟರ್ ಜಾಮ್. ಕಾರಣ, ನಾನು ಊರಿನಲ್ಲಿ ಇರಲಿಲ್ಲ.

ಅದರ ಮುಂದಿನ ಶುಕ್ರವಾರ, "ಮಾಡಿಲ್ಲ" ಕಾಲಮ್ಮಿನಲ್ಲಿ ಗುರುತು. ಷರಾ: ಮೋಟರ್ ಬಿಚ್ಚಿದರೆ ಸರಿಯಾಗುತ್ತದೆ. ಬ್ಯಾರಿಗಳು ಬಂದ ಮೇಲೆ.

ಅದರ ಮುಂದಿನ ಶುಕ್ರವಾರವೂ "ಮಾಡಿಲ್ಲ". ಷರಾ: ಬ್ಯಾರಿಗಳು ಬಂದ ಮೇಲೆ.

ಅಲ್ಲಿಂದ ಮುಂದೆ ಮಾತಿರಲಿಲ್ಲ. ಪ್ರತಿ ಶುಕ್ರವಾರದ ತಾರೀಕು, "ಮಾಡಿಲ್ಲ"ದಲ್ಲಿ ಒಂದು ಗುರುತು, ಷರಾದಲ್ಲಿ ಮೇಲಿನದ್ದೇ ಎಂದು ಎರಡು ಸಣ್ಣ ಗೀಟು. ಕಾರ್ಡು ತುಂಬಿ ಇನ್ನೊಂದು ಕಾರ್ಡು, ಅದು ತುಂಬಿ ಮತ್ತೊಂದು. ಎರಡು ವರ್ಷಕ್ಕೂ ಮೇಲಿನ ಶುಕ್ರವಾರಗಳು. ಮೊದಮೊದಲು ನೇರವಾಗಿದ್ದ ಗೀಟುಗಳು ಬರಬರುತ್ತ ವಾರೆಯಾಗಿ, ಆಮೇಲೆ ಕಾಲಮ್ಮಿನ ಹೊರಗೆ ಹೋಗಿದ್ದವು. ಕೊನೆಯದು ಅವರು ಅಂಗಡಿಗೆ ಕೊನೆಯ ಸಲ ಬಂದ ಸೋಮವಾರಕ್ಕೆ ಮೂರು ದಿನ ಮೊದಲಿನದು.

ನಾನು ಬಾಯಮ್ಮನಿಗೆ ಎಲ್ಲ ಹೇಳಿದೆ. ತೆರೆಯದ ಪೆಟ್ಟಿಗೆಗಳು, ಫೋನಿನಲ್ಲಿ ಹೇಳಿದ ಸುಳ್ಳು, ಎರಡು ಪೆನ್ನು, ಎಲ್ಲ.

"ಗೊತ್ತುಂಟು," ಎಂದರು. "ಅವರಿಗೂ ಗೊತ್ತಿತ್ತು. ನೀವು ಬಂದು ಹೇಳ್ತೀರಿ ಅಂತ ಇದ್ರು."

ಅವರ ಸಣ್ಣ ಸ್ಕ್ರೂಡ್ರೈವರ್, ಟಾರ್ಚು, ಸೂಜಿ ಎಲ್ಲ ಪೆಟ್ಟಿಗೆಯ ಬದಿಯಲ್ಲೇ ಜೋಡಿಸಿಟ್ಟಿದ್ದವು. ಸ್ಕ್ರೂಡ್ರೈವರ್ ತೆಗೆದುಕೊಂಡೆ. ಮೊದಲ ಸ್ಕ್ರೂವಿಗೆ ತುದಿ ಇಟ್ಟೆ, ಪಕ್ಕದಲ್ಲಿ ಕಿವಿ ಕೊಡುವವರು ಇರಲಿಲ್ಲ. ಕೆಳಗಿಟ್ಟೆ. ಬಾಯಮ್ಮ ಕಪಾಟಿನ ಮೇಲಿಂದ ಒಂದು ಪೆನ್ನು ತಂದು ನನ್ನ ಮುಂದಿಟ್ಟರು.

ಕೊನೆಯ ಕಾರ್ಡಿನಲ್ಲಿ ಇನ್ನೂ ಕೆಲವು ಸಾಲು ಖಾಲಿ ಇದ್ದವು. ಆ ದಿನದ ತಾರೀಕು ಬರೆದೆ. ಚಕ್ರ, ಕಾರ್ಬನ್, ಎಣ್ಣೆ, ಓಟ ಎಲ್ಲವನ್ನೂ ಖಾಲಿ ಬಿಟ್ಟು "ಮಾಡಿಲ್ಲ"ದಲ್ಲಿ ಗುರುತು ಹಾಕಿದೆ. ಷರಾದಲ್ಲಿ ಮೇಲಿನದ್ದೇ ಎಂದು ಗೀಟು ಹಾಕುವ ಹಾಗಿರಲಿಲ್ಲ. "ಬ್ಯಾರಿಗಳು ಬಂದರು" ಎಂದು ಬರೆದೆ.